ಕಡಲಾಚೆ ಉಳಿದ ಹೆಸರುಗಳು

1922ನೆಯ ಇಸವಿ ಜೂನ್ 30ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಒಂದು ಭಾರಿ ಸ್ಫೋಟ ಸಂಭವಿಸಿತು. ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದವನ್ನು ಸ್ವೀಕರಿಸಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ ಐರಿಷರು ತಮ್ಮ ತಮ್ಮಲ್ಲಿಯೇ ಹೋರಾಡುತ್ತಿದ್ದ ಕಾಲವದು. ಲಿಫಿ ನದಿಯ ದಂಡೆಯಲ್ಲಿರುವ ‘ಫೋರ್ ಕೋರ್ಟ್ಸ್’ ಎಂಬ ನ್ಯಾಯಾಲಯಗಳ ಭವ್ಯ ಸಮುಚ್ಚಯವನ್ನು ಒಂದು ಪಕ್ಷದವರು ಹಿಡಿದುಕೊಂಡಿದ್ದರು. ಇನ್ನೊಂದು ಪಕ್ಷದವರು ಅದರ ಮೇಲೆ ಫಿರಂಗಿಗಳನ್ನು ಹಾರಿಸುತ್ತಿದ್ದರು. ಆ ಆವರಣದಲ್ಲಿಯೇ ದೇಶದ ಸಾರ್ವಜನಿಕ ದಾಖಲೆಗಳ ಭಂಡಾರವೂ ಇದ್ದಿತು. ಏಳು ಶತಮಾನಗಳಿಂದ ಕೂಡಿಬಂದ ತೆರಿಗೆಯ ಪಟ್ಟಿಗಳು, ಮರಣಶಾಸನಗಳು, ಭೂಮಿಯ ಪತ್ರಗಳು, ಇಗರ್ಜಿಗಳ ಪುಸ್ತಕಗಳು ಕೆಲವೇ ಗಂಟೆಗಳಲ್ಲಿ ಬೂದಿಯಾದವು. ಸುಟ್ಟ ಕಾಗದದ ಚೂರುಗಳು ಗಾಳಿಯಲ್ಲಿ ತೇಲಿ ನಗರದ ಬೀದಿಗಳ ಮೇಲೆ ಉದುರಿದವು.

ಅಂದಿನಿಂದ, ತಮ್ಮ ಪೂರ್ವಿಕರು ಯಾರೆಂದು ತಿಳಿಯಬಯಸುವ ಐರಿಷ್ ಜನರಿಗೆ ಒಂದು ದೊಡ್ಡ ಕಷ್ಟ ಎದುರಾಯಿತು. 1821ರಿಂದ 1851ರವರೆಗೆ ನಡೆದ ನಾಲ್ಕು ಜನಗಣತಿಗಳ ಮೂಲಪತ್ರಗಳಲ್ಲಿ ಬಹುಪಾಲು ಆ ಬೆಂಕಿಗೆ ಆಹುತಿಯಾಗಿದ್ದವು. ಅನಂತರದ ನಾಲ್ಕು ಗಣತಿಗಳ ಪತ್ರಗಳನ್ನು ಅದಕ್ಕೆ ಮೊದಲೇ ಸರಕಾರವು ತಾನಾಗಿಯೇ ನಾಶಪಡಿಸಿತ್ತು! ಹೀಗಾಗಿ ಇಡೀ ದೇಶಕ್ಕೆ ಪೂರ್ಣವಾಗಿ ದೊರೆಯುವ ಅತ್ಯಂತ ಹಳೆಯ ಜನಗಣತಿಯೆಂದರೆ 1901ರದು. ಕ್ಯಾಥೊಲಿಕರ ಇಗರ್ಜಿಗಳಲ್ಲಿ ಜ್ಞಾನಸ್ನಾನ ಮತ್ತು ವಿವಾಹಗಳನ್ನು ಬರೆದಿಟ್ಟ ಪುಸ್ತಕಗಳು ಬೇರೆ ಕಡೆ ಇದ್ದುದರಿಂದ ಉಳಿದುಕೊಂಡವು ನಿಜ. ಆದರೆ ಹಲವು ಊರುಗಳಲ್ಲಿ ಅವು ಆರಂಭವಾಗುವುದೇ ಹದಿನೆಂಟನೆಯ ಶತಮಾನದ ಕೊನೆಗೆ ಅಥವಾ ಅದಕ್ಕೂ ಈಚೆಗೆ. ಅದಕ್ಕಿಂತ ಹಿಂದೆ ಹೋಗಬೇಕೆಂದರೆ ದಾರಿ ಮುಚ್ಚಿದಂತೆ ತೋರುತ್ತದೆ.

ಆದರೂ ಒಂದು ದಾರಿ ತೆರೆದಿದೆ. ಅದು ಐರ್ಲೆಂಡಿನ ಒಳಗಿಲ್ಲ. ಸ್ಪೇನ್, ಫ್ರಾನ್ಸ್, ಬೆಲ್ಜಿಯಂ, ಇಟಲಿ, ಹಾಲೆಂಡ್ ದೇಶಗಳ ವಿಶ್ವವಿದ್ಯಾಲಯಗಳಲ್ಲಿ, ಮುನ್ನೂರು ನಾನೂರು ವರ್ಷಗಳ ಹಿಂದೆ ಗರಿಯ ಲೇಖನಿಯಿಂದ ಬರೆದ ಪುಸ್ತಕಗಳಲ್ಲಿ ಅದಿದೆ. ಐರ್ಲೆಂಡಿನ ಸಾಮಾನ್ಯ ವರ್ತಕನ ಮಗನೊಬ್ಬನ ಹೆಸರು ಅಲ್ಲಿ ಹೇಗೆ ಸೇರಿತು?

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜರು ರೋಮಿನ ಪೋಪರ ಅಧಿಕಾರವನ್ನು ತೊರೆದು ಪ್ರಾಟೆಸ್ಟಂಟ್ ಪಂಥವನ್ನು ರಾಜ್ಯದ ಮತವನ್ನಾಗಿ ಮಾಡಿದರು. ಅವರ ಆಳ್ವಿಕೆಗೆ ಒಳಪಟ್ಟ ಐರ್ಲೆಂಡಿನ ಜನರಲ್ಲಿ ಹೆಚ್ಚಿನವರು ಕ್ಯಾಥೊಲಿಕರಾಗಿಯೇ ಉಳಿದರು. 1592ರಲ್ಲಿ ಎಲಿಜಬೆತ್ ರಾಣಿಯು ಡಬ್ಲಿನ್ನಿನಲ್ಲಿ ಟ್ರಿನಿಟಿ ಕಾಲೇಜನ್ನು ಸ್ಥಾಪಿಸಿದಳು. ದೇಶದ ಮೊದಲ ವಿಶ್ವವಿದ್ಯಾಲಯವಾದ ಅದು ಪ್ರಾಟೆಸ್ಟಂಟ್ ಸಂಸ್ಥೆಯಾಗಿದ್ದಿತು. ಅದೇ ವರ್ಷ, ಕ್ಲಾನ್‌ಮೆಲ್ ಊರಿನ ಥಾಮಸ್ ವೈಟ್ ಎಂಬ ಪಾದ್ರಿಯ ಪ್ರಯತ್ನದಿಂದಲೂ ಸ್ಪೇನಿನ ದೊರೆ ಎರಡನೆಯ ಫಿಲಿಪನ ನೆರವಿನಿಂದಲೂ ಸಲಮಾಂಕಾ ನಗರದಲ್ಲಿ ಐರಿಷ್ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾಲಯ ಹುಟ್ಟಿಕೊಂಡಿತು. ಒಂದೇ ವರ್ಷದಲ್ಲಿ ತೆರೆದ ಈ ಎರಡು ಬಾಗಿಲುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಇನ್ನೂರು ವರ್ಷಗಳ ಕಥೆ ಅರ್ಥವಾಗುತ್ತದೆ. ಪ್ಯಾರಿಸ್ ನಗರಕ್ಕೆ ಐರಿಷ್ ವಿದ್ಯಾರ್ಥಿಗಳ ಗುಂಪೊಂದು 1578ರಲ್ಲಿಯೇ ಹೋಗಿ ನೆಲೆಸಿತ್ತು. ಬಳಿಕ ಲಿಸ್ಬನ್, ದುಎ, ಬೋರ್ದೋ, ಲೂವೇನ್, ರೋಮ್, ಪ್ರಾಗ್ ಮೊದಲಾದ ನಗರಗಳಲ್ಲಿ ಇಂಥ ವಿದ್ಯಾಲಯಗಳು ಒಂದರ ಹಿಂದೊಂದು ಏರ್ಪಟ್ಟವು. ಇವುಗಳಲ್ಲಿ ವಾಸಿಸುತ್ತಿದ್ದ ಹುಡುಗರಲ್ಲಿ ಅನೇಕರು ಆಯಾ ನಗರದ ವಿಶ್ವವಿದ್ಯಾಲಯದಲ್ಲಿ ಪಾಠ ಕೇಳುತ್ತಿದ್ದರು.

1695ರಲ್ಲಿ ಐರಿಷ್ ಪಾರ್ಲಿಮೆಂಟು ಒಂದು ಕಠಿಣವಾದ ಕಾನೂನನ್ನು ಮಾಡಿತು. ಅದರಂತೆ ಮಕ್ಕಳನ್ನು ಕ್ಯಾಥೊಲಿಕ್ ಶಿಕ್ಷಣಕ್ಕಾಗಿ ಹೊರದೇಶಕ್ಕೆ ಕಳುಹಿಸುವುದು ಅಪರಾಧವಾಯಿತು. ಹೋದವನೂ ಕಳುಹಿಸಿದವನೂ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕನ್ನು ಕಳೆದುಕೊಳ್ಳಬೇಕಾಗಿತ್ತು, ಆಸ್ತಿಯನ್ನೂ ಕಳೆದುಕೊಳ್ಳಬೇಕಾಗಿತ್ತು. ಸ್ವದೇಶದಲ್ಲಿ ಕ್ಯಾಥೊಲಿಕರು ಶಾಲೆ ನಡೆಸುವುದನ್ನೂ ಅದೇ ಕಾನೂನು ನಿಷೇಧಿಸಿತು. ಊರಲ್ಲಿ ಓದುವಂತಿಲ್ಲ, ಹೊರಗೆ ಹೋಗುವಂತಿಲ್ಲ! ಆದರೂ ಹುಡುಗರು ಹೋದರು. ಗಾಲ್ವೇ, ಕಾರ್ಕ್, ವಾಟರ್‌ಫರ್ಡ್ ಬಂದರುಗಳಿಂದ ಫ್ರಾನ್ಸ್ ಮತ್ತು ಸ್ಪೇನುಗಳ ಕಡೆಗೆ ಹೋಗುತ್ತಿದ್ದ ವ್ಯಾಪಾರದ ಹಡಗುಗಳು ತೊಗಲು, ಬೆಣ್ಣೆ, ಉಪ್ಪುಮಾಂಸಗಳ ಜತೆಗೆ ಅವರನ್ನೂ ಒಯ್ದವು. ಇಂಥ ಪ್ರಯಾಣವನ್ನು ಸ್ವದೇಶದಲ್ಲಿ ಯಾರೂ ಬರೆದಿಡಲಿಲ್ಲವೆಂಬುದು ಸಹಜವೇ. ಮನೆಯವರು ಮುಚ್ಚಿಟ್ಟ ಹೆಸರನ್ನು ವಿದೇಶದ ಗುಮಾಸ್ತನು ಬರೆದುಕೊಂಡನು. ಆದುದರಿಂದಲೇ ಇಂದು ಅದು ನಮಗೆ ದೊರೆಯುತ್ತದೆ.

ವಿಶ್ವವಿದ್ಯಾಲಯಕ್ಕೆ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರನ್ನೂ ಪ್ರವೇಶದ ಪುಸ್ತಕವೊಂದರಲ್ಲಿ ಬರೆಯುವುದು ಯುರೋಪಿನಲ್ಲಿ ಬಹು ಹಳೆಯ ಪದ್ಧತಿ. 1425ರಲ್ಲಿ ಸ್ಥಾಪಿತವಾದ ಲೂವೇನ್ ವಿಶ್ವವಿದ್ಯಾಲಯದ ಇಂಥ ಪುಸ್ತಕಗಳು 1426ರಿಂದಲೇ ದೊರೆಯುತ್ತವೆ. ಲ್ಯಾಟಿನ್ ಭಾಷೆಯಲ್ಲಿರುವ ಒಂದೊಂದು ಸಾಲಿನಲ್ಲಿ ವಿದ್ಯಾರ್ಥಿಯ ಹೆಸರು, ಅವನು ಐರಿಷನೆಂಬ ಉಲ್ಲೇಖ, ಅನೇಕ ವೇಳೆ ಅವನ ಧರ್ಮಪ್ರಾಂತ ಇಷ್ಟೇ ಇರುತ್ತವೆ. ಶುಲ್ಕ ಕೊಡಲಾರದ ಬಡವನಾದರೆ ಅದನ್ನೂ ಗುಮಾಸ್ತನು ಗುರುತು ಹಾಕುತ್ತಿದ್ದನು. ಧರ್ಮಪ್ರಾಂತವೆಂದರೆ ಒಬ್ಬ ಬಿಷಪ್ಪರ ಅಧೀನಕ್ಕೆ ಸೇರಿದ ಸೀಮೆ. ಅದು ತಿಳಿದರೆ ಇಡೀ ದ್ವೀಪದಲ್ಲಿ ಹುಡುಕುವ ಬದಲು ಒಂದು ಸೀಮೆಯಲ್ಲಿ ಹುಡುಕಿದರೆ ಸಾಕಾಗುತ್ತದೆ.

ಸಲಮಾಂಕಾದ ಪತ್ರಗಳು ಇದಕ್ಕಿಂತ ಬಹಳ ಉದಾರವಾದವು. ಅಲ್ಲಿನ ಐರಿಷ್ ವಿದ್ಯಾಲಯಕ್ಕೆ ಸೇರುವ ಹುಡುಗನು ನಿಯಮಗಳನ್ನು ಪಾಲಿಸುವುದಾಗಿಯೂ, ಓದು ಮುಗಿದ ಮೇಲೆ ಪಾದ್ರಿಯಾಗಿ ಸ್ವದೇಶಕ್ಕೆ ಮರಳಿ ಸೇವೆ ಸಲ್ಲಿಸುವುದಾಗಿಯೂ ಪ್ರಮಾಣ ಮಾಡಬೇಕಾಗಿತ್ತು. ಆ ಸಂದರ್ಭದಲ್ಲಿ ಅವನು ಹುಟ್ಟಿದ ಊರು, ತಂದೆಯ ಹೆಸರು, ತಾಯಿಯ ಹೆಸರು, ಅದುವರೆಗೆ ಎಲ್ಲಿ ಏನು ಓದಿದ್ದನೆಂಬುದು ಇವೆಲ್ಲವನ್ನೂ ಅನೇಕ ವೇಳೆ ಬರೆದುಕೊಳ್ಳುತ್ತಿದ್ದರು. ಇವುಗಳಲ್ಲಿ ತಾಯಿಯ ಹೆಸರಿಗೆ ವಿಶೇಷ ಬೆಲೆಯುಂಟು. ಸ್ಪೇನಿನಲ್ಲಿ ಸ್ತ್ರೀಯರು ಮದುವೆಯಾದ ಮೇಲೂ ತವರಿನ ಮನೆತನದ ಹೆಸರನ್ನೇ ಉಳಿಸಿಕೊಳ್ಳುವುದು ವಾಡಿಕೆ. ಆದುದರಿಂದ ಅಲ್ಲಿನ ಗುಮಾಸ್ತನು ಐರಿಷ್ ತಾಯಿಯ ವಿಷಯದಲ್ಲಿಯೂ ಹಾಗೆಯೇ ವಿಚಾರಿಸಿ ಬರೆದನು. ಪರಿಣಾಮವಾಗಿ ಒಂದೇ ಸಾಲಿನಲ್ಲಿ ಎರಡು ಮನೆತನಗಳ ಸಂಬಂಧ ಬೆಳಕಿಗೆ ಬರುತ್ತದೆ. ಹದಿನೇಳನೆಯ ಶತಮಾನದ ಐರಿಷ್ ಗೃಹಿಣಿಯೊಬ್ಬಳ ಹೆಸರು ಜಗತ್ತಿನ ಬೇರಾವ ಕಾಗದದ ಮೇಲೂ ಇಲ್ಲದೆ, ಅವಳು ಎಂದೂ ಕಾಣದ ಸ್ಪೇನಿನ ನಗರವೊಂದರ ಪುಸ್ತಕದಲ್ಲಿ ಮಾತ್ರ ಉಳಿದಿರಬಹುದು.

ಆದರೆ ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಮನುಷ್ಯನು ಸಿಕ್ಕಂತಾಗಲಿಲ್ಲ. ಐರಿಷ್ ಹೆಸರುಗಳು ಲ್ಯಾಟಿನ್ನಿಗೆ ಬರುವಾಗ ವೇಷ ಬದಲಿಸಿದವು. ‘ಟೈಗ್’ ಎಂಬವನು ‘ತದೇಯುಸ್’ ಆದನು. ‘ಕೊನೋರ್’ ಎಂಬವನು ‘ಕೊರ್ನೇಲಿಯುಸ್’ ಆದನು. ‘ಓವೆನ್’ ಎಂಬವನು ‘ಯೂಜೇನಿಯುಸ್’ ಆದನು. ಅರ್ಥದಲ್ಲಿ ಇವಕ್ಕೆ ಯಾವ ಸಂಬಂಧವೂ ಇಲ್ಲ; ಕಿವಿಗೆ ಸುಮಾರಾಗಿ ಹೊಂದುವ ಸಂತರ ಹೆಸರನ್ನು ಆರಿಸಿಕೊಂಡರು, ಅಷ್ಟೇ. ಮುಂದೆ ಅದೇ ‘ಟೈಗ್’ ಇಂಗ್ಲಿಷಿನವರ ಬಾಯಲ್ಲಿ ‘ತಿಮೋಥಿ’ ಎಂದಾದನು. ಮನೆತನದ ಹೆಸರುಗಳ ಅವಸ್ಥೆಯೂ ಇಂಥದೇ. ಅವುಗಳ ಮೊದಲು ಬರುವ ‘ಓ’ ಎಂಬುದಕ್ಕೆ ‘ವಂಶಜ’ ಎಂದೂ ‘ಮ್ಯಾಕ್’ ಎಂಬುದಕ್ಕೆ ‘ಮಗ’ ಎಂದೂ ಅರ್ಥ. ಆಳುವವರ ಒತ್ತಡದ ಕಾಲದಲ್ಲಿ ಎಷ್ಟೋ ಮನೆಗಳು ಇವನ್ನು ಕೈಬಿಟ್ಟವು. ಸ್ವಾಭಿಮಾನವು ಜಾಗೃತವಾದ ಮೇಲೆ ಮತ್ತೆ ಕೆಲವು ಮನೆಗಳು ಸೇರಿಸಿಕೊಂಡವು. ಲೂವೇನಿನ ಸಂತ ಆಂಟನಿ ವಿದ್ಯಾಲಯವನ್ನು 1607ರಲ್ಲಿ ಸ್ಥಾಪಿಸಿದ ಮಹನೀಯನ ತಾಯ್ನುಡಿಯ ಹೆಸರು ಫ್ಲಾಹರಿ ಓ ಮುಲ್ಕೊನರಿ. ಲ್ಯಾಟಿನ್ ಗ್ರಂಥಗಳಲ್ಲಿ ಅವನು ಫ್ಲೊರೆಂತಿಯುಸ್ ಕೊನ್ರಿಯುಸ್. ಇಂಗ್ಲಿಷ್ ಪುಸ್ತಕಗಳಲ್ಲಿ ಫ್ಲಾರೆನ್ಸ್ ಕಾನ್ರಿ. ಮೂರೂ ಒಬ್ಬನೇ ಎಂಬುದನ್ನು ಅರಿಯದವನು ಮೂವರನ್ನು ಕಲ್ಪಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ?

ದಿನಾಂಕಗಳಲ್ಲಿಯೂ ಒಂದು ತೊಡಕುಂಟು. ಪೋಪ್ ಹದಿಮೂರನೆಯ ಗ್ರೆಗರಿಯು 1582ರಲ್ಲಿ ಪಂಚಾಂಗವನ್ನು ತಿದ್ದಿದಾಗ ಸ್ಪೇನ್, ಫ್ರಾನ್ಸ್ ಮೊದಲಾದ ದೇಶಗಳು ಅದನ್ನು ಕೂಡಲೇ ಅನುಸರಿಸಿದವು. ಇಂಗ್ಲೆಂಡೂ ಅದರ ಆಡಳಿತದಲ್ಲಿದ್ದ ಐರ್ಲೆಂಡೂ 1752ರವರೆಗೆ ಹಳೆಯ ಲೆಕ್ಕವನ್ನೇ ಹಿಡಿದಿದ್ದವು. ಹದಿನೇಳನೆಯ ಶತಮಾನದಲ್ಲಿ ಎರಡಕ್ಕೂ ಹತ್ತು ದಿನಗಳ ಅಂತರವಿದ್ದಿತು. ಅಷ್ಟೇ ಅಲ್ಲ, ಹಳೆಯ ಲೆಕ್ಕದಲ್ಲಿ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಹೀಗಾಗಿ ವಾಟರ್‌ಫರ್ಡಿನಲ್ಲಿ 1640ರ ಫೆಬ್ರವರಿ ಎಂದು ಬರೆದುದು ಸಲಮಾಂಕಾದಲ್ಲಿ 1641ರ ಫೆಬ್ರವರಿಯಾಗಿರುತ್ತದೆ. ಇದನ್ನು ಮರೆತವನಿಗೆ ಮಗನು ವಿದ್ಯಾಲಯವನ್ನು ಬಿಡುವುದಕ್ಕೆ ಮೊದಲೇ ಊರಿಗೆ ಮರಳಿದಂತೆ ಕಾಣುವ ಪ್ರಸಂಗವೂ ಬರಬಹುದು.

ವಂಶವನ್ನು ಹುಡುಕುವವನಿಗೆ ಪ್ರವೇಶದ ಪುಸ್ತಕಕ್ಕಿಂತಲೂ ಹೆಚ್ಚಿನ ಫಲ ಕೊಡುವುದು ದತ್ತಿಯ ಪತ್ರಗಳೆಂದೇ ಹೇಳಬೇಕು. ಹೊರನಾಡಿನಲ್ಲಿ ನೆಲೆಸಿ ಅನುಕೂಲಸ್ಥರಾದ ಐರಿಷ್ ಪಾದ್ರಿಗಳು, ವೈದ್ಯರು, ಸೇನಾಧಿಕಾರಿಗಳು ಸಾಯುವ ಮುನ್ನ ತಮ್ಮ ಹಣವನ್ನು ವಿದ್ಯಾರ್ಥಿವೇತನಕ್ಕೆಂದು ವಿದ್ಯಾಲಯಗಳಲ್ಲಿ ಇಡುತ್ತಿದ್ದರು. ಈ ದತ್ತಿಗಳಿಗೆ ಸಾಮಾನ್ಯವಾಗಿ ಒಂದು ಕರಾರು ಇರುತ್ತಿದ್ದಿತು. ವೇತನವು ಮೊದಲು ದಾನಿಯ ರಕ್ತಸಂಬಂಧಿಗಳಿಗೆ ಸಲ್ಲಬೇಕು; ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಅವನ ಊರಿನವರಿಗೆ ಅಥವಾ ಧರ್ಮಪ್ರಾಂತದವರಿಗೆ. ಹಾಗಾದರೆ ವೇತನ ಬೇಡುವ ಹುಡುಗನು ತಾನು ದಾನಿಯ ಅಕ್ಕನ ಮರಿಮಗನೋ ಅಣ್ಣನ ಮೊಮ್ಮಗನೋ ಎಂಬುದನ್ನು ರುಜುವಾತುಪಡಿಸಬೇಕು. ಅದಕ್ಕಾಗಿ ಊರಿನ ಪಾದ್ರಿಯಿಂದಲೋ ಬಿಷಪ್ಪರಿಂದಲೋ ಪ್ರಮಾಣಪತ್ರಗಳು ಬರಬೇಕು. ಇಬ್ಬರು ಹುಡುಗರು ಒಂದೇ ವೇತನಕ್ಕೆ ಪೈಪೋಟಿ ನಡೆಸಿದರಂತೂ ಎರಡು ಮನೆತನಗಳ ಮೂರು ನಾಲ್ಕು ತಲೆಮಾರು ಕಾಗದದ ಮೇಲೆ ಇಳಿಯುತ್ತದೆ. ಹಣದ ವ್ಯಾಜ್ಯವು ಚರಿತ್ರೆಗೆ ಇಷ್ಟು ಉಪಕಾರ ಮಾಡುವುದು ವಿನೋದವೇ ಸರಿ. ಆದರೂ ಇಂಥ ಪತ್ರಗಳನ್ನು ಎಚ್ಚರದಿಂದ ಓದಬೇಕು. ವೇತನದ ಆಸೆಯಿಂದ ಬರೆದ ವಂಶಾವಳಿಯಲ್ಲಿ ಇಲ್ಲದ ನಂಟು ನುಸುಳಿರಬಹುದು. ಪ್ರವೇಶದ ಪುಸ್ತಕವನ್ನು ಬರೆದ ಗುಮಾಸ್ತನಿಗೆ ಅಂಥ ಆಸೆಯೇನೂ ಇರಲಿಲ್ಲ.

ಹೋದವರೆಲ್ಲರೂ ಪಾದ್ರಿಗಳಾಗಲೆಂದೇ ಹೋದವರಲ್ಲ. ವೈದ್ಯಶಾಸ್ತ್ರವನ್ನು ಕಲಿಯಲು ಹೋದವರೂ ಬಹುಮಂದಿ ಇದ್ದರು. ಡಾನೆಗಾಲ್ ಸೀಮೆಯ ನೀಲ್ ಓ ಗ್ಲಾಕನ್ ಎಂಬವನು ಫ್ರಾನ್ಸಿನಲ್ಲಿ ಪ್ಲೇಗ್ ರೋಗಿಗಳಿಗೆ ಚಿಕಿತ್ಸೆ ನೀಡಿ, 1629ರಲ್ಲಿ ಆ ರೋಗವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ತುಲೂಸ್ ಹಾಗೂ ಬೊಲೊನ್ಯ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕನಾದನು. ಕೆರಿ ಸೀಮೆಯ ಬರ್ನಾರ್ಡ್ ಕಾನರ್ ಎಂಬವನು ಮೊಂಪೆಲಿಯೆ ಮತ್ತು ಪ್ಯಾರಿಸ್ ನಗರಗಳಲ್ಲಿ ಓದಿ, ರೀಮ್ಸ್‌ನಲ್ಲಿ ಪದವಿ ಪಡೆದು, ಪೋಲೆಂಡಿನ ದೊರೆ ಸೋಬಿಯೆಸ್ಕಿಯ ಆಸ್ಥಾನವೈದ್ಯನಾದನು. ಓದಿದ್ದು ಒಂದು ಕಡೆ, ಪದವಿ ಇನ್ನೊಂದು ಕಡೆ! ಇದು ಆ ಕಾಲದ ವೈದ್ಯರಲ್ಲಿ ಅಪರೂಪವೇನಲ್ಲ. ಒಂದೇ ನಗರದ ಪುಸ್ತಕವನ್ನು ನೋಡಿ ಕೈಚೆಲ್ಲಬಾರದೆಂಬುದು ಇದರಿಂದ ತಿಳಿಯುತ್ತದೆ. ಪ್ರಾಟೆಸ್ಟಂಟ್ ಐರಿಷರೂ ಕಡಲು ದಾಟಿದ್ದುಂಟು. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಬೂರ್‌ಹಾವ ಎಂಬ ಸುಪ್ರಸಿದ್ಧ ವೈದ್ಯನ ಪಾಠ ಕೇಳಲು ಅವರು ಹೋಗುತ್ತಿದ್ದರು. ಅಲ್ಲಿನ ಪ್ರವೇಶದ ಪುಸ್ತಕದಲ್ಲಿ ವಿದ್ಯಾರ್ಥಿಯ ವಯಸ್ಸನ್ನು ಬರೆಯುವ ವಾಡಿಕೆಯಿತ್ತು. ಆ ಒಂದು ಅಂಕೆಯಿಂದ ಹುಟ್ಟಿದ ವರ್ಷವನ್ನು ಹೆಚ್ಚು ಕಡಿಮೆ ಲೆಕ್ಕ ಹಾಕಬಹುದು. ವಿಶ್ವವಿದ್ಯಾಲಯವು ಮುನ್ನೂರು ವರ್ಷಗಳನ್ನು ಪೂರೈಸಿದ 1875ರಲ್ಲಿ ಆ ಹೆಸರುಗಳನ್ನೆಲ್ಲ ಅಚ್ಚುಮಾಡಿ ಪ್ರಕಟಿಸಿದರು.

ಕಡಲಾಚೆ ಸಿಕ್ಕಿದ ಹೆಸರನ್ನು ಊರಿನ ಮನುಷ್ಯನೊಡನೆ ಜೋಡಿಸಲು ಸ್ವದೇಶದಲ್ಲಿಯೂ ಏನಾದರೊಂದು ಆಧಾರ ಬೇಕಷ್ಟೆ. ಅದನ್ನು ಒದಗಿಸಿದವರು ಕ್ಯಾಥೊಲಿಕರ ಮಿತ್ರರಲ್ಲ, ಅವರನ್ನು ದಮನ ಮಾಡಬಯಸಿದ ಸರಕಾರದವರು. 1704ರಲ್ಲಿ ಐರ್ಲೆಂಡಿನ ಕ್ಯಾಥೊಲಿಕ್ ಪಾದ್ರಿಗಳೆಲ್ಲರೂ ಅಧಿಕಾರಿಗಳ ಮುಂದೆ ಹಾಜರಾಗಿ ಹೆಸರು ನೋಂದಾಯಿಸಬೇಕೆಂದು ವಿಧಿಸಲಾಯಿತು. ಪ್ರತಿಯೊಬ್ಬನೂ ತಲಾ ಐವತ್ತು ಪೌಂಡುಗಳಿಗೆ ಹೊಣೆಯಾಗುವ ಇಬ್ಬರು ಜಾಮೀನುದಾರರನ್ನು ಒದಗಿಸಬೇಕಾಗಿತ್ತು. ಸಾವಿರಕ್ಕೂ ಮಿಕ್ಕಿ ಪಾದ್ರಿಗಳು ಬಂದು ಹೆಸರು ಬರೆಸಿದರು. ಹೆಸರು, ವಾಸಸ್ಥಳ, ವಯಸ್ಸು, ಸೇವೆ ಸಲ್ಲಿಸುವ ಊರು, ಯಾವ ವರ್ಷ ಎಲ್ಲಿ ಯಾವ ಬಿಷಪ್ಪರಿಂದ ಪಾದ್ರಿಯ ದೀಕ್ಷೆ ಪಡೆದನೆಂಬುದು, ಜಾಮೀನುದಾರರು ಯಾರೆಂಬುದು ಇವೆಲ್ಲವೂ ಆ ಪಟ್ಟಿಯಲ್ಲಿವೆ. ದೀಕ್ಷೆಯ ಸ್ಥಳವೆಂದು ಲಿಸ್ಬನ್ನೋ ಪ್ಯಾರಿಸ್ಸೋ ಕಂಡುಬಂದರೆ ಹುಡುಕುವವನು ಮುಂದೆ ಯಾವ ನಗರದ ಕಡೆಗೆ ಮುಖ ಮಾಡಬೇಕೆಂಬುದು ನಿಶ್ಚಯವಾಗುತ್ತದೆ. ಕಣ್ಣಿಡುವುದಕ್ಕೆಂದು ಮಾಡಿದ ಪಟ್ಟಿಯನ್ನು ಸರಕಾರವು 1705ರಲ್ಲಿ ಅಚ್ಚುಹಾಕಿಸಿತು. ಅಚ್ಚಾದ ಪ್ರತಿಗಳು ಹಲವು ಕಡೆ ಹಂಚಿಹೋಗಿದ್ದುದರಿಂದ 1922ರ ಬೆಂಕಿಗೆ ಅದನ್ನು ಸುಡುವುದು ಸಾಧ್ಯವಾಗಲಿಲ್ಲ.

ಹದಿನೆಂಟನೆಯ ಶತಮಾನದ ಕೊನೆಗೆ ಈ ಹೋಗಿಬರುವಿಕೆ ನಿಂತುಹೋಯಿತು. ಫ್ರಾನ್ಸಿನ ಮಹಾಕ್ರಾಂತಿಯು ಅಲ್ಲಿನ ವಿದ್ಯಾಲಯಗಳನ್ನು ಮುಚ್ಚಿಸಿತು. ಮುಂದೆ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಹಕ್ಕನ್ನು ದೊರಕಿಸಿಕೊಟ್ಟ ಡೇನಿಯಲ್ ಓ ಕಾನೆಲ್ ಆಗ ಹದಿನೇಳು ವರ್ಷದ ಹುಡುಗ. ದುಎ ನಗರದಲ್ಲಿ ಓದುತ್ತಿದ್ದವನು 1793ರ ಜನವರಿಯಲ್ಲಿ ತಮ್ಮನೊಡನೆ ಫ್ರಾನ್ಸನ್ನು ಬಿಟ್ಟು ಹೊರಟನು. ಅವನಿದ್ದುದು ಅಲ್ಲಿನ ಐರಿಷ್ ವಿದ್ಯಾಲಯದಲ್ಲಲ್ಲ, ಇಂಗ್ಲಿಷ್ ಕ್ಯಾಥೊಲಿಕರ ವಿದ್ಯಾಲಯದಲ್ಲಿ. ಐರಿಷ್ ವಿದ್ಯಾಲಯಗಳ ಪಟ್ಟಿಯನ್ನು ಮಾತ್ರ ತಿರುವಿಹಾಕುವವನಿಗೆ ಓ ಕಾನೆಲ್‌ನಂಥವನೂ ಸಿಗಲಾರನು! ಅದೇ 1793ರಲ್ಲಿ ಟ್ರಿನಿಟಿ ಕಾಲೇಜಿನ ಪದವಿಗಳು ಕ್ಯಾಥೊಲಿಕರಿಗೆ ತೆರೆದವು. 1795ರಲ್ಲಿ ಮೇನೂತ್ ಎಂಬಲ್ಲಿ ಪಾದ್ರಿಗಳ ಶಿಕ್ಷಣಕ್ಕಾಗಿ ಕಾಲೇಜು ಸ್ಥಾಪನೆಯಾಯಿತು. ಲೂವೇನ್ ವಿಶ್ವವಿದ್ಯಾಲಯವನ್ನು ಫ್ರೆಂಚರು 1797ರಲ್ಲಿ ಮುಚ್ಚಿಬಿಟ್ಟರು. ಸಲಮಾಂಕಾದ ವಿದ್ಯಾಲಯವು ಬಹುಕಾಲ ಬಾಳಿ 1951ರಲ್ಲಿ ಮುಚ್ಚಿತು. ಅದರ ಪತ್ರಗಳನ್ನೆಲ್ಲ ಮೇನೂತಿಗೆ ತಂದಿರಿಸಿದರು. ಇಂದಿಗೂ ಅವು ಅಲ್ಲಿವೆ.

ಕಾಗದಕ್ಕೆ ಹೊರನಾಡಿನಲ್ಲಿಯೂ ಅಪಾಯ ತಪ್ಪಲಿಲ್ಲ. 1914ರ ಆಗಸ್ಟಿನಲ್ಲಿ ಜರ್ಮನ್ ಸೈನಿಕರು ಲೂವೇನಿನ ಗ್ರಂಥಾಲಯವನ್ನು ಸುಟ್ಟರು. ಒಂದು ದೇಶದ ನೆನಪುಗಳನ್ನು ಕಾಪಾಡಿದ ನಗರವು ಎಂಟು ವರ್ಷ ಮುಂಚಿತವಾಗಿಯೇ ಡಬ್ಲಿನ್ನಿನ ದುರ್ಗತಿಯನ್ನು ಅನುಭವಿಸಿತು. ಆದರೆ ಹಳೆಯ ವಿಶ್ವವಿದ್ಯಾಲಯದ ಪ್ರವೇಶದ ಪುಸ್ತಕಗಳು ಬೇರೆಡೆ ಸುರಕ್ಷಿತವಾಗಿದ್ದವು. ಒಂದೇ ಪ್ರತಿಯನ್ನು ನಂಬಿ ಕೂರಬಾರದೆಂದು ಐರಿಷ್ ವಿದ್ವಾಂಸರು ಆ ವೇಳೆಗೆ ಕಾರ್ಯಪ್ರವೃತ್ತರಾಗಿದ್ದರೆಂಬುದು ಸಮಾಧಾನದ ಸಂಗತಿ. 1912ರಲ್ಲಿ ಆರಂಭವಾದ ‘ಆರ್ಕೀವಿಯುಂ ಹಿಬೆರ್ನಿಕುಂ’ ಎಂಬ ವಾರ್ಷಿಕ ಸಂಚಿಕೆಯಲ್ಲಿ ಸಲಮಾಂಕಾದ ವಿದ್ಯಾರ್ಥಿಗಳ ಪಟ್ಟಿಗಳು ಮೊದಲ ಕೆಲವು ವರ್ಷಗಳಲ್ಲಿಯೇ ಅಚ್ಚಾದವು. ಲೂವೇನ್, ಪ್ಯಾರಿಸ್, ತುಲೂಸ್‌ಗಳ ಐರಿಷ್ ವಿದ್ಯಾರ್ಥಿಗಳ ಹೆಸರುಗಳನ್ನೂ ಪರಿಶೋಧಕರು ಒಂದೊಂದಾಗಿ ಆಯ್ದು ಪ್ರಕಟಿಸಿದ್ದಾರೆ. ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ರಿಚರ್ಡ್ ಹೇಯ್ಸ್ ಅವರು ಯುರೋಪಿನ ನಾನಾ ಭಂಡಾರಗಳಲ್ಲಿ ಐರ್ಲೆಂಡಿಗೆ ಸಂಬಂಧಿಸಿದ ಹಸ್ತಪ್ರತಿಗಳನ್ನು ಹುಡುಕಿಸಿ, 1965ರಲ್ಲಿ ಹನ್ನೊಂದು ಸಂಪುಟಗಳ ಸೂಚಿಯನ್ನು ಹೊರತಂದರು. ಸುಟ್ಟುಹೋದ ಭಂಡಾರದ ಪತ್ರಗಳ ಬೇರೆ ಪ್ರತಿಗಳನ್ನು ಜಗತ್ತಿನ ಹಲವು ಕಡೆಗಳಿಂದ ಕೂಡಿಸಿ ಕಂಪ್ಯೂಟರಿನ ಮೂಲಕ ಎಲ್ಲರಿಗೂ ತೋರಿಸುವ ಕಾರ್ಯವು, ಬೆಂಕಿಬಿದ್ದ ನೂರು ವರ್ಷಗಳ ತರುವಾಯ, 2022ರಲ್ಲಿ ಲೋಕಾರ್ಪಣೆಗೊಂಡಿತು.

ಇಷ್ಟೆಲ್ಲ ಸಲಕರಣೆಗಳಿದ್ದರೂ ಹುಡುಕುವವನು ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಪುಸ್ತಕಗಳಲ್ಲಿ ಸಿಗುವವರಲ್ಲಿ ಬಹುಮಂದಿ ಪಾದ್ರಿಗಳು. ಕ್ಯಾಥೊಲಿಕ್ ಪಾದ್ರಿಗಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಆದುದರಿಂದ ಲೂವೇನಿನಲ್ಲಿ ಸಿಕ್ಕವನು ಹುಡುಕುವವನ ಮುತ್ತಜ್ಜನಾಗಿರಲಾರನು. ಮುತ್ತಜ್ಜನ ಅಣ್ಣನೋ ತಮ್ಮನೋ ಆಗಿರಬಹುದು. ವಂಶವೃಕ್ಷದಲ್ಲಿ ಚಿಗುರದೆ ನಿಂತ ಕೊಂಬೆಯೇ ಬೇರಿನ ಗುರುತನ್ನು ಹೇಳುತ್ತದೆ. ಏಕೆಂದರೆ ಅವನ ತಂದೆತಾಯಿಗಳೇ ಮನೆಯಲ್ಲಿ ಉಳಿದ ತಮ್ಮನ ತಂದೆತಾಯಿಗಳು. ಇನ್ನೊಂದು ಸಂಗತಿ ಇದಕ್ಕಿಂತ ಕಹಿಯಾದುದು. ಹಡಗಿನ ಖರ್ಚನ್ನು ಭರಿಸಬಲ್ಲ ವರ್ತಕರ ಮತ್ತು ಭೂಮಿಯುಳ್ಳವರ ಮಕ್ಕಳೇ ಈ ಪುಟಗಳಲ್ಲಿ ಹೆಚ್ಚು. ಊರಿನಲ್ಲಿಯೇ ದೀಕ್ಷೆ ಪಡೆದು ಪ್ಯಾರಿಸ್ಸಿಗೆ ಬಂದು, ಪೂಜೆ ಸಲ್ಲಿಸಿದ ಕಾಣಿಕೆಯ ಹಣದಿಂದ ಹೊಟ್ಟೆ ಹೊರೆದು ಓದಿದ ಬಡ ಪಾದ್ರಿಗಳೂ ಇದ್ದರು. ಆದರೆ ಗೇಣಿಯ ತುಂಡು ನೆಲದಲ್ಲಿ ಆಲೂಗೆಡ್ಡೆ ಬೆಳೆದು ಬಾಳಿದ ಅಸಂಖ್ಯ ಸಂಸಾರಗಳ ಹೆಸರು ಸಲಮಾಂಕಾದಲ್ಲಿಯೂ ಇಲ್ಲ, ಲೂವೇನಿನಲ್ಲಿಯೂ ಇಲ್ಲ.

ಹುಡುಕಾಟ ಫಲಿಸಿದವನ ಕೈಗೆ ಬರುವುದು ಸಾಮಾನ್ಯವಾಗಿ ಒಂದು ಸಾಲು: ಒಬ್ಬ ಹುಡುಗ, ಅವನ ಊರು, ತಂದೆ, ತಾಯಿ, ಒಂದು ದಿನಾಂಕ. ಆಮೇಲೆ ಅವನು ಮಾತು ಕೊಟ್ಟಂತೆ ಮರಳಿ ಬಂದನೇ ಎಂಬುದನ್ನು ತಿಳಿಯಬೇಕು. ಕಾಲ ಹೊಂದುವುದಾದರೆ 1704ರ ಪಟ್ಟಿಯಲ್ಲಿ ಅದೇ ಹೆಸರು, ಅದಕ್ಕೆ ಸರಿಹೊಂದುವ ವಯಸ್ಸು, ಅದೇ ದೇಶದಲ್ಲಿ ಪಡೆದ ದೀಕ್ಷೆ ಇವೆಯೇ ಎಂದು ನೋಡಬೇಕು. ಇಲ್ಲವಾದರೆ ಅವನು ಫ್ರಾನ್ಸಿನ ಹಳ್ಳಿಯೊಂದರಲ್ಲಿ ಪಾದ್ರಿಯಾಗಿ ನಿಂತನೋ, ಓದು ಬಿಟ್ಟು ಸ್ಪೇನ್ ದೊರೆಯ ಐರಿಷ್ ದಳಕ್ಕೆ ಸೇರಿದನೋ, ಹಡಗಿನಲ್ಲಿಯೇ ಮಡಿದನೋ ಎಂಬುದನ್ನು ವಿಚಾರಿಸಲು ಅವನ ಮನೆಯವರ ಸಂತತಿಯು ಇನ್ನೊಮ್ಮೆ ಕಡಲಾಚೆಯ ಪುಸ್ತಕಗಳನ್ನು ತೆರೆಯಬೇಕಾಗುತ್ತದೆ.